ತೊಗರಿ ರೈಜೋಬಿಯಂ: ಫ್ಲಾಸ್ಕಿನಿಂದ 500 ಲೀಟರ್ ಟ್ಯಾಂಕಿಗೆ

ಕಲಬುರಗಿಯಲ್ಲಿ ತೊಗರಿ ಬಿತ್ತನೆ ಮುಂಗಾರು ಬಿದ್ದ ಮೇಲೆ. ಬೇರುಗಂಟಿನಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಜೀವಾಣು ರೈಜೋಬಿಯಂ. ಬೀಜೋಪಚಾರಕ್ಕೆ ಅದು ಅಷ್ಟೊತ್ತಿಗೆ ರೈತರ ಕೈಗೆ ಸಿಗಬೇಕಾದರೆ ಫರ್ಮೆಂಟರ್ (ಜೀವಾಣು ಬೆಳೆಸುವ ಟ್ಯಾಂಕು) ಓಡಬೇಕಾದದ್ದು ಏಪ್ರಿಲ್, ಮೇ ತಿಂಗಳ ಸುಡುಬಿಸಿಲಲ್ಲಿ. ಜೀವಾಣುವಿಗೆ ಬೇಕಾದದ್ದು 28ರಿಂದ 30 ಡಿಗ್ರಿ.

ತೊಗರಿಯ ಬೇರುಗಂಟಿನಲ್ಲಿ ಸಾಮಾನ್ಯವಾಗಿ ಸಿಗುವುದು ನಿಧಾನಕ್ಕೆ ಬೆಳೆಯುವ ತಳಿ. ಪೂರ್ತಿ ಬೆಳೆಯಲು 5ರಿಂದ 7 ದಿನ ಹಿಡಿಯುತ್ತದೆ. ನಡುವೆ ಬ್ಯಾಸಿಲಸ್‌ನಂಥ ಬೇಗ ಬೆಳೆಯುವ ಬೇರೆ ಜೀವಾಣು ಒಳಗೆ ನುಸುಳಿತೋ, ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗಿ ಟ್ಯಾಂಕನ್ನೇ ನುಂಗಿಬಿಡುತ್ತದೆ. ಅದಕ್ಕೇ ಪ್ರತಿ ಹಂತದಲ್ಲೂ ಶೇ. 10ರಷ್ಟು ಹೆಪ್ಪು (ಹಿಂದಿನ ಹಂತದಲ್ಲಿ ಬೆಳೆಸಿದ ಜೀವಾಣು ದ್ರವ) ಹಾಕಿ: 100 ಮಿ.ಲೀ.ನ ನಾಲ್ಕು ಫ್ಲಾಸ್ಕು, ಅದರಿಂದ 3.5 ಲೀಟರ್, ಆಮೇಲೆ 35, ಕೊನೆಗೆ 350. ಟ್ಯಾಂಕಿನ ಮೇಲಿನ ಶೇ. 30 ಜಾಗ ನೊರೆಗೆ ಬಿಡಿ. ನೊರೆ ಇಳಿಸುವ ಎಣ್ಣೆಯನ್ನು ಹನಿಹನಿಯಾಗಿ ಹಾಕಿ. ಹೆಚ್ಚಾದರೆ ಆಮ್ಲಜನಕ ಕರಗುವುದೇ ಕುಗ್ಗುತ್ತದೆ.

ಜೀವಾಣು ಬೆಳೆಸುವ ದ್ರಾವಣಕ್ಕೆ ಲೀಟರಿಗೆ ಮ್ಯಾನಿಟಾಲ್ (ಜೀವಾಣುವಿನ ಆಹಾರ) 10 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ 1, ಡೈಪೊಟ್ಯಾಸಿಯಂ ಫಾಸ್ಫೇಟ್ 0.5, ಮೆಗ್ನೀಸಿಯಂ ಸಲ್ಫೇಟ್ 0.2, ಉಪ್ಪು 0.1, ಪಿಎಚ್ 6.8. ಬೀದರ್ ಕಡೆಯ ಸಕ್ಕರೆ ಕಾರ್ಖಾನೆಗಳ ಕಾಕಂಬಿ ಅಗ್ಗವೆಂದು ಅದಕ್ಕೆ ಕೈಹಾಕಬೇಡಿ. ನಿಧಾನ ತಳಿಗಳು ಅದರಲ್ಲಿರುವ ಸುಕ್ರೋಸ್ ಸಕ್ಕರೆಯನ್ನು ಸಾಮಾನ್ಯವಾಗಿ ಬಳಸಲಾರವು. ಖರ್ಚು ಇಳಿಸಬೇಕೆಂದರೆ ಗ್ಲಿಸರಾಲ್ ಪ್ರಯತ್ನಿಸಿ. ಗಡಸು ಬೋರ್ ನೀರಿನಲ್ಲಿ ಕಾಯಿಸಿದಾಗ ಕ್ಯಾಲ್ಸಿಯಂ ಜತೆ ಫಾಸ್ಫೇಟ್ ಸೇರಿ ಬಿಳಿಯಾಗಿ ತಳಕ್ಕೆ ಕೂರುತ್ತದೆ. ಆರ್‌ಒ ನೀರನ್ನೇ ಬಳಸಿ.

ಹೆಪ್ಪು ಹಾಕುವ ಮೊದಲು ಟ್ಯಾಂಕಿನ ದ್ರಾವಣವನ್ನು ಉಗಿಯಿಂದ ಕಾಯಿಸಿ ಬೇರೆ ಜೀವಾಣು ಕೊಲ್ಲಬೇಕು. ಬ್ಯಾಚು ಕೆಡುವ ಅಪಾಯ ಇರುವುದು ಉಗಿ ಬಂದ್ ಮಾಡಿದ ಮೇಲಿನ ಹೊತ್ತಿನಲ್ಲಿ. 121 ಡಿಗ್ರಿಯಲ್ಲಿ 30 ನಿಮಿಷ ಇಟ್ಟು ತಣಿಸಲು ಶುರುಮಾಡಿದರೆ ಒಳಗಿನ ಉಗಿ ನೀರಾಗಿ ನಿರ್ವಾತ ಉಂಟಾಗುತ್ತದೆ. ಆಗ ಸವೆದ ಗ್ಯಾಸ್ಕೆಟ್, ಶಾಫ್ಟಿನ ಸೀಲ್, ಎಲ್ಲಿ ಸಂದು ಸಿಕ್ಕರೂ ಹೊರಗಿನ ಗಾಳಿ ನುಗ್ಗುತ್ತದೆ. ತೆಳು ತಗಡಿನ ಟ್ಯಾಂಕಾದರೆ ಒಳಕ್ಕೇ ಕುಸಿಯಬಹುದು. ಒತ್ತಡ ಇಳಿಯುತ್ತಾ 0.3 ಬಾರ್ ತಲುಪುವ ಮೊದಲೇ 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದ ಗಾಳಿಯನ್ನು ಒಳಕ್ಕೆ ಬಿಡಿ, ಬ್ಯಾಚ್ ಮುಗಿಯುವವರೆಗೂ ಆ ಒತ್ತಡ ಇಳಿಯಲು ಬಿಡಬೇಡಿ. ಮೇ ತಿಂಗಳಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನ ನೀರೇ 35 ಡಿಗ್ರಿ ದಾಟಿರುತ್ತದೆ. ಅದರಿಂದ 30ಕ್ಕೆ ತಣಿಸಲು ಎಂದೂ ಆಗದು. ನೀರು ತಣಿಸುವ ಚಿಲ್ಲರ್ ಯಂತ್ರ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬೇಡಿ.

ಹೆಪ್ಪು ಹಾಕಿದ 24 ಗಂಟೆಯಲ್ಲೇ ದ್ರವ ದಟ್ಟವಾಗಿ ಮಬ್ಬಾಯಿತೇ? ಹಿಗ್ಗಬೇಡಿ, ಅದು ಬೇರೆ ಜೀವಾಣು ಇರಬಹುದು. ಜೀವಾಣುವಿನ ಗುಂಪು ಗುರುತಿಸುವ ಗ್ರಾಂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಕಾಂಗೋ ರೆಡ್ ಎಂಬ ಕೆಂಪು ಬಣ್ಣ ಬೆರೆಸಿದ ಅಗರ್ ತಟ್ಟೆಯಲ್ಲೂ ಗೀರಿ, ಕತ್ತಲಲ್ಲಿಡಿ. ರೈಜೋಬಿಯಂ ಬೆಳ್ಳಗೆ ಉಳಿಯುತ್ತದೆ, ಉಳಿದವು ಸಾಮಾನ್ಯವಾಗಿ ಕೆಂಪು ಹೀರುತ್ತವೆ. ಅನುಮಾನ ಬಂದ 35 ಲೀಟರನ್ನು 350ಕ್ಕೆ ಎಂದಿಗೂ ಸುರಿಯಬೇಡಿ. ಮತ್ತೆ 121 ಡಿಗ್ರಿಗೆ ಏರಿಸಿ ಕೊಂದು, ಆಮೇಲಷ್ಟೇ ಚೆಲ್ಲಿ.