ಪ್ರತಿಬಂಧಕ ವಲಯ ಎಷ್ಟು ಹೇಳುತ್ತದೆ?

ಆಂಟಿಬಯಾಟಿಕ್‌ಗಳಿಗೆ ಜಗ್ಗದ ಬ್ಯಾಕ್ಟೀರಿಯಾಗಳ ಮೇಲೆ ಸಸ್ಯಸಾರಗಳನ್ನು ಪರೀಕ್ಷಿಸಿದ ಸಂಶೋಧನಾ ಪ್ರಬಂಧಗಳಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಅಗರ್‌ನ ತಟ್ಟೆಯ ಚಿತ್ರದೊಂದಿಗೇ ಮುಗಿದುಬಿಡುತ್ತವೆ. ಬ್ಯಾಕ್ಟೀರಿಯಾ ಹರಡಿದ ಅಗರ್‌ನಲ್ಲಿ ಗುಳಿ ಕೊರೆದು, ಅದಕ್ಕೆ ಸಾರವನ್ನು ತುಂಬಿ, ಮರುದಿನ ಸುತ್ತಲೂ ಬ್ಯಾಕ್ಟೀರಿಯಾ ಬೆಳೆಯದೆ ತಿಳಿಯಾಗಿ ಉಳಿದ ಪ್ರತಿಬಂಧಕ ವಲಯದ ವ್ಯಾಸವನ್ನು ಅಳೆಯುವ ಈ ವಿಧಾನ ಸುಲಭವಾದದ್ದು, ಅಗ್ಗವಾದದ್ದು. ಆದರೆ ಆ ವ್ಯಾಸದಲ್ಲಿ ಸಾರದ ಶಕ್ತಿಯೂ ಅಗರ್‌ನಲ್ಲಿ ಹರಡುವ ಅದರ ಗುಣವೂ ಬೆರೆತಿರುತ್ತವೆ. ನೀರಿನಲ್ಲಿ ಕರಗದ ಪ್ರಬಲ ಸಂಯುಕ್ತವೊಂದು ಗುಳಿಯ ಅಂಚಿನಲ್ಲೇ ನಿಂತುಬಿಡಬಹುದು.

ಆದ್ದರಿಂದ ನಾನು ಮೊದಲು ಹುಡುಕುವುದು ಕನಿಷ್ಠ ಪ್ರತಿಬಂಧಕ ಸಾಂದ್ರತೆಯ, ಅಂದರೆ ಬೆಳವಣಿಗೆಯನ್ನು ತಡೆಯುವ ಅತಿ ಕಡಿಮೆ ಪ್ರಮಾಣದ, ಅಂಕಿಯನ್ನು. ಇದಕ್ಕಾಗಿ 96 ಗುಳಿಗಳ ಫಲಕದಲ್ಲಿ ಸಾರವನ್ನು ಹಂತಹಂತವಾಗಿ ಅರ್ಧಕ್ಕೆ ಇಳಿಸುತ್ತ, ಪ್ರತಿ ಮಿಲಿಲೀಟರಿಗೆ ಸುಮಾರು 5 ಲಕ್ಷ ಜೀವಕೋಶಗಳಿರುವಂತೆ ಬ್ಯಾಕ್ಟೀರಿಯಾ ಸೇರಿಸುತ್ತಾರೆ. ಕಡುಹಸಿರು ಸಾರದಲ್ಲಿ ದ್ರವ ಕದಡಿದೆಯೇ ಎಂಬುದು ಕಣ್ಣಿಗೆ ತಿಳಿಯದ ಕಾರಣ, ಜೀವಂತ ಕೋಶಗಳಿದ್ದಲ್ಲಿ ನೀಲಿಯಿಂದ ಗುಲಾಬಿಗೆ ತಿರುಗುವ ರೆಸಜುರಿನ್ ಬಣ್ಣವನ್ನು ಬಳಸುವುದುಂಟು. ಸಸ್ಯದ ಕೆಲವು ಸಂಯುಕ್ತಗಳು ತಾವೇ ಈ ಬಣ್ಣವನ್ನು ಬದಲಿಸಬಲ್ಲವಾದ್ದರಿಂದ ಬ್ಯಾಕ್ಟೀರಿಯಾ ಇಲ್ಲದ, ಸಾರ ಮಾತ್ರ ಇರುವ ಗುಳಿಯೂ ಬೇಕು. ಸಾರದ ಬದಲು ಅದನ್ನು ಕರಗಿಸಿದ ಡಿಎಂಎಸ್‌ಒ ಎಂಬ ದ್ರಾವಕವನ್ನಷ್ಟೇ ಬ್ಯಾಕ್ಟೀರಿಯಾಕ್ಕೆ ಸೇರಿಸಿದ ಗುಳಿಯಂತೂ ಬೇಕೇ ಬೇಕು. ಕಚ್ಚಾ ಸಾರವೊಂದು ಮಿಲಿಲೀಟರಿಗೆ 100 ಮೈಕ್ರೊಗ್ರಾಂಗಿಂತ ಕಡಿಮೆ ಪ್ರಮಾಣದಲ್ಲಿ ಬೆಳವಣಿಗೆಯನ್ನು ತಡೆದರೆ ಮುಂದುವರಿಯಲು ಕಾರಣವಿದೆ. ಹಲವು ಮಿಲಿಗ್ರಾಂ ಬೇಕಾದರೆ ಅದನ್ನು ಔಷಧದ ಸುಳಿವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಹಾಗೆಂದು ದುರ್ಬಲವಾಗಿ ಕಂಡ ಸಂಯುಕ್ತಗಳನ್ನೆಲ್ಲ ತಳ್ಳಿಹಾಕುವಂತಿಲ್ಲ. ದಾರುಹರಿದ್ರೆಯ ಕುಲವಾದ ಬರ್ಬೆರಿಸ್ ಸಸ್ಯಗಳಲ್ಲಿರುವ ಬರ್ಬೆರಿನ್ ಒಂಟಿಯಾಗಿ ಸ್ಟೆಫೈಲೊಕಾಕಸ್ ಆರಿಯಸ್‌ನ ಮೇಲೆ ಅಷ್ಟೇನೂ ಪರಿಣಾಮ ಬೀರುವುದಿಲ್ಲ, ಏಕೆಂದರೆ ಬ್ಯಾಕ್ಟೀರಿಯಾದ ಪೊರೆಯಲ್ಲಿರುವ ನೋರ್‌ಎ ಎಂಬ ಪಂಪು ಒಳಗೆ ಬಂದ ಬರ್ಬೆರಿನ್ ಅನ್ನು ಹೊರಕ್ಕೆ ತಳ್ಳುತ್ತದೆ. ಅದೇ ಕುಲದ ಕೆಲವು ಗಿಡಗಳು ಮೆಥಾಕ್ಸಿಹೈಡ್ನೊಕಾರ್ಪಿನ್ ಎಂಬ ಇನ್ನೊಂದು ಸಂಯುಕ್ತವನ್ನೂ ತಯಾರಿಸುತ್ತವೆ. ತಾನಾಗಿ ಬ್ಯಾಕ್ಟೀರಿಯಾವನ್ನು ತಡೆಯದ ಅದು ಈ ಪಂಪನ್ನು ಕಟ್ಟಿಹಾಕುತ್ತದೆ ಎಂಬುದು 2000ದಲ್ಲಿ ಪ್ರಕಟವಾಯಿತು. ಸಾರವನ್ನು ಬಿಡಿಬಿಡಿಯಾಗಿ ಬೇರ್ಪಡಿಸುತ್ತ ಹೋದಂತೆ ಪರಿಣಾಮವೇ ಮಾಯವಾಗುವುದಕ್ಕೆ ಇಂಥ ಜೋಡಿಗಳೂ ಒಂದು ಕಾರಣವಿರಬಹುದು. ಸ್ಯೂಡೊಮೊನಾಸ್‌ನಂಥ ಗ್ರಾಂ-ಋಣ ಬ್ಯಾಕ್ಟೀರಿಯಾಗಳಲ್ಲಿ ಪಂಪುಗಳ ಜೊತೆಗೆ ಹೊರಪೊರೆಯ ತಡೆಯೂ ಇರುವುದರಿಂದ ಅಲ್ಲಿ ಸಸ್ಯಸಾರಗಳ ಯಶಸ್ಸು ಇನ್ನೂ ವಿರಳ.

ಈ ಕಾರಣಕ್ಕೇ ಸಾರವನ್ನು ಹಳೆಯ ಆಂಟಿಬಯಾಟಿಕ್ ಒಂದರ ಜೊತೆ ಬೇರೆ ಬೇರೆ ಪ್ರಮಾಣಗಳಲ್ಲಿ ಬೆರೆಸಿ ನೋಡುವ ಚದುರಂಗ ಫಲಕದ ಪರೀಕ್ಷೆ ನನಗೆ ಹೆಚ್ಚು ಫಲದಾಯಕವೆನಿಸುತ್ತದೆ. ಬೆರೆಸಿದಾಗ ಬೇಕಾಗುವ ಪ್ರಮಾಣ ಒಂಟಿಯಾಗಿ ಬೇಕಾಗುವುದರ ಎಷ್ಟು ಪಾಲು ಎಂಬುದನ್ನು ಎರಡಕ್ಕೂ ಲೆಕ್ಕಹಾಕಿ ಕೂಡಿಸಿದರೆ ಸಿಗುವ ಸೂಚ್ಯಂಕ 0.5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಎರಡೂ ಒಂದನ್ನೊಂದು ಬಲಪಡಿಸುತ್ತಿವೆ ಎಂದು ಪರಿಗಣಿಸುತ್ತಾರೆ. ಅದೇ ಪ್ರಮಾಣವನ್ನು ಕೆಂಪು ರಕ್ತಕಣಗಳ ಮೇಲೂ ಪರೀಕ್ಷಿಸಬೇಕು, ಏಕೆಂದರೆ ಅನೇಕ ಸಸ್ಯಗಳಲ್ಲಿರುವ, ಸಾಬೂನಿನಂತೆ ನೊರೆ ಬರಿಸುವ ಸಪೋನಿನ್‌ಗಳು ರಕ್ತಕಣಗಳ ಪೊರೆಯನ್ನೂ ಒಡೆಯುತ್ತವೆ.