ಹೋದ ವರ್ಷ ನಾವೇ ಮಾರಿದ್ದು

"ಸರ, ಅದು ಹಳೇದು ಅಲ್ರಿ. ಹ್ವಾದ ವರ್ಷ ನಾವ ಮಾರೇವ್ರಿ."

ಈ ಮಂಗಳವಾರದ ಕಾಲ್‌ನಲ್ಲಿ ಹುಬ್ಬಳ್ಳಿಯ ನಮ್ಮ ಸರ್ವೀಸ್ ಹುಡುಗ ಹೇಳಿದ ಮಾತಿದು. ಜೋರಾಗಿ ಹೇಳಲಿಲ್ಲ, ಕೋಪದಿಂದಲೂ ಹೇಳಲಿಲ್ಲ. ಟೀಮ್ ಲೀಡ್ ಒಂದು ಪ್ರಶ್ನೆ ಕೇಳಿದ್ದರು, ಅವನು ಉತ್ತರ ಕೊಟ್ಟ, ಅಷ್ಟೇ. ಆಮೇಲೆ ಕಾಲ್‌ನಲ್ಲಿದ್ದ ಯಾರೂ ಸ್ವಲ್ಪ ಹೊತ್ತು ಬಾಯಿ ಬಿಡಲಿಲ್ಲ. ನನಗಂತೂ ವಾರವಿಡೀ ಬಸ್ಸಿನಲ್ಲಿ ಕೂತಾಗಲೂ ಅದೇ ಕೇಳಿಸುತ್ತಿದೆ. ಹ್ವಾದ ವರ್ಷ ನಾವ ಮಾರೇವ್ರಿ.

ನಾವು ಅಂಗಡಿ ಕೌಂಟರಿನ ಮೇಲೆ ಕೂರುವ ಬಿಲ್ಲಿಂಗ್ ಪೆಟ್ಟಿಗೆಗಳಿಗೆ ಲಿನಕ್ಸ್ ಮಾಡಿಕೊಡುವವರು. ಮೆಡಿಕಲ್ ಶಾಪು, ಬೇಕರಿ, ಬಟ್ಟೆ ಅಂಗಡಿ, ಇಂಥ ಕಡೆ. ಫ್ಯಾನ್ ಇಲ್ಲದ ಸಣ್ಣ ಪೆಟ್ಟಿಗೆ, ಒಳಗೊಂದು ಸೆಲೆರಾನ್, ಇಂಟೆಲ್‌ನ ಅಗ್ಗದ ಪ್ರೊಸೆಸರ್. ಯೋಕ್ಟೊ ಅನ್ನುವ ಸಾಧನ ಇಟ್ಟುಕೊಂಡು ಇಡೀ ಓಎಸ್ಸನ್ನು ಸೋರ್ಸ್‌ನಿಂದಲೇ ಬಿಲ್ಡ್ ಮಾಡುತ್ತೇವೆ. ಓಎಸ್ಸಿನ ತಿರುಳಾದ ಕರ್ನಲ್, ಹೆಚ್ಚಿನ ಪ್ರೋಗ್ರಾಮುಗಳು ನೆಚ್ಚಿಕೊಂಡಿರುವ ಲೈಬ್ರರಿ ಗ್ಲಿಬ್‌ಸಿ, ಡೇಟಾಬೇಸ್, ಕೊನೆಗೆ ನಮ್ಮ ಆ್ಯಪ್. ಸೋರ್ಸನ್ನು ಯಾವ ಪ್ರೊಸೆಸರ್‌ನ ಭಾಷೆಗೆ ಕಂಪೈಲ್ ಮಾಡಬೇಕು ಅನ್ನುವುದು ಕಾನ್ಫಿಗ್ ಫೈಲಿನ ಒಂದೇ ಸಾಲು. ಅಲ್ಲಿ ಇಷ್ಟು ವರ್ಷ ಕೋರ್‌ಐ7-64 ಅಂತಿತ್ತು. ಹೆಸರು ಕೇಳಿದರೆ ದುಬಾರಿ ಅನಿಸುತ್ತದೆ. ಆದರೆ ಅದು ಕೇಳುವುದು 2008ರ ಇಂಟೆಲ್ ನೆಹಾಲೆಮ್ ಪ್ರೊಸೆಸರ್ ಕಾಲದ ಇನ್‌ಸ್ಟ್ರಕ್ಷನ್‌ಗಳನ್ನು ಮಾತ್ರ, ಅಂದರೆ ಒಟ್ಟಿಗೆ ಹಲವು ಸಂಖ್ಯೆ ಲೆಕ್ಕ ಹಾಕುವ ಎಸ್‌ಎಸ್‌ಇ 4.2ರ ತನಕ. ನಮ್ಮ ಬಡ ಸೆಲೆರಾನ್‌ಗಳೂ ಅದನ್ನು ಆರಾಮಾಗಿ ಓಡಿಸುತ್ತವೆ. ಟೀಮ್ ಲೀಡ್ ಆ ಸಾಲನ್ನು ಎಕ್ಸ್86-64-ವಿ3 ಅಂತ, ಅಂದರೆ ಇನ್ನೂ ಹೊಸ ಇನ್‌ಸ್ಟ್ರಕ್ಷನ್‌ಗಳನ್ನು ಕೇಳುವ ಮಟ್ಟಕ್ಕೆ ಬದಲಿಸಿದರು. ರಾತ್ರಿಯಿಡೀ ಬಿಲ್ಡ್ ಓಡಿತು. ಟ್ರಯಲ್‌ಗೆ ಅಂತ ಇಮೇಜ್, ಅಂದರೆ ಪೆಟ್ಟಿಗೆಗೆ ಹಾಕುವ ಇಡೀ ಓಎಸ್ಸಿನ ಫೈಲು, ಹುಬ್ಬಳ್ಳಿಗೆ ಹೋಯಿತು.

ಪುಣ್ಯಕ್ಕೆ ಆ ಹುಡುಗ ಅದನ್ನು ಯಾವ ಅಂಗಡಿಗೂ ಹಾಕಲಿಲ್ಲ. ತನ್ನ ಟೇಬಲ್ ಮೇಲಿದ್ದ ಪೆಟ್ಟಿಗೆಗೆ ಹಾಕಿ, ಸ್ಕ್ರೀನಿನ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಕಳಿಸಿದ. ಈ ಸಿಪಿಯು ವಿ3ಯನ್ನು ಸಪೋರ್ಟ್ ಮಾಡುವುದಿಲ್ಲ ಅಂತ ಗ್ಲಿಬ್‌ಸಿಯ ಒಂದು ಸಾಲು. ಅದರ ಕೆಳಗೆ ಕರ್ನಲ್ ಪ್ಯಾನಿಕ್, ಇನಿಟ್ ಸತ್ತಿತು ಅಂತ. ಕರ್ನಲ್ ಏನೋ ಎದ್ದಿತ್ತು. ಯಾಕೆಂದರೆ ಕರ್ನಲ್ ಕಂಪೈಲ್ ಆಗುವಾಗ ಅದರ ಮೇಕ್‌ಫೈಲೇ ಎಸ್‌ಎಸ್‌ಇ, ಅದರ ಮುಂದಿನ ಎವಿಎಕ್ಸ್ ಎರಡೂ ಬೇಡ ಅಂತ ಕಂಪೈಲರ್‌ಗೆ ಹೇಳಿರುತ್ತದೆ. ಅದು ಎದ್ದು ಇನಿಟ್ ಅನ್ನುವ ಮೊದಲ ಪ್ರೋಗ್ರಾಮನ್ನು ಕರೆಯಿತು. ಆ ಮೊದಲ ಪ್ರೋಗ್ರಾಮಿಗೇ ಉಸಿರಿಲ್ಲ.

ಫೋಟೋ ಬಂದ ಕಾರಣಕ್ಕೇ ಅವನನ್ನು ಕಾಲ್‌ಗೆ ಕರೆದದ್ದು. ಇಲ್ಲದಿದ್ದರೆ ಬಿಲ್ಡ್ ಮೀಟಿಂಗಿಗೆ ಸರ್ವೀಸ್‌ನವರನ್ನು ನಾವು ಕರೆಯುವುದೇ ಇಲ್ಲ. ಅವನು ಡಿಪ್ಲೊಮಾ ಮಾಡಿದವನು. ಹಾವೇರಿ, ಗದಗ, ಧಾರವಾಡ ಅಂತ ಬೈಕಿನಲ್ಲಿ ತಿರುಗುತ್ತಾನೆ. ಅಂಗಡಿಯವರ ಬೈಗುಳ ಮೊದಲು ಅವನ ಕಿವಿಗೆ, ಆಮೇಲೆ ಸೋಸಿಕೊಂಡು ನಮ್ಮ ಟಿಕೆಟ್‌ಗೆ. ಟಿಕೆಟ್ ಓದುವ ನಮಗೆ ಅದು ಬಹಳ ಸೌಮ್ಯವಾಗಿ ಕಾಣುತ್ತದೆ.

ಲೀಡ್ ಶುರು ಮಾಡಿದ್ದು ಇಸವಿಯಿಂದ. "ನೋಡಪ್ಪಾ, ವಿ3 ಅಂದ್ರೆ ಇಂಟೆಲ್‌ನ ಹ್ಯಾಸ್‌ವೆಲ್ ಪ್ರೊಸೆಸರ್. ಹ್ಯಾಸ್‌ವೆಲ್ ಬಂದಿದ್ದು 2013ರಲ್ಲಿ. ಅದಕ್ಕಿಂತ ಹಳೇದು ಈಗ ಯಾರ ಹತ್ರ ಇರುತ್ತೆ?"

ಅದಕ್ಕೆ ಅವನು ಆ ಮಾತು ಹೇಳಿದ್ದು.

ಲೀಡ್ ಬಗ್ಗೆ ಕೆಟ್ಟದಾಗಿ ಬರೆಯಲು ಮನಸ್ಸಿಲ್ಲ. ಒಳ್ಳೆಯ ಮನುಷ್ಯ, ಕೆಲಸ ಗೊತ್ತಿರುವವರು, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೂ ಎತ್ತುತ್ತಾರೆ. ಆದರೆ ಅವರಿಗೆ ಇಸವಿಯ ಮೇಲೆ ವಿಪರೀತ ನಂಬಿಕೆ. 2013 ಅಂದರೆ ಹಳೆಯದು, 2019 ಅಂದರೆ ಹೊಸದು, ಹೊಸದರಲ್ಲಿ ಹಳೆಯದೆಲ್ಲ ಸೇರಿಯೇ ಇರುತ್ತದೆ. ಅವರ ಟೇಬಲ್ ಮೇಲಿರುವುದೂ ಅಂಥದ್ದೇ ಲ್ಯಾಪ್‌ಟಾಪು. ಸಾವಿರಾರು ಜನಕ್ಕೆ ಓಎಸ್ ಮಾಡುವವರ ಕೈಯಲ್ಲಿ ಯಾವಾಗಲೂ ಒಳ್ಳೆಯ ಪ್ರೊಸೆಸರ್ ಇರುತ್ತದೆ, ಬಿಲ್ಡ್ ಬೇಗ ಮುಗಿಯಲಿ ಅಂತ ಕಂಪನಿಯೇ ಕೊಡಿಸಿರುತ್ತದೆ. ಅಲ್ಲಿ ಕೂತು ನೋಡಿದರೆ ಹದಿಮೂರರ ಇಸವಿ ಬಹಳ ದೂರ ಕಾಣುತ್ತದೆ.

ಹುಬ್ಬಳ್ಳಿಯ ಪೆಟ್ಟಿಗೆಯಲ್ಲಿದ್ದದ್ದು ಸೆಲೆರಾನ್ ಜೆ4125. ಇಂಟೆಲ್ ಅದನ್ನು ಬಿಡುಗಡೆ ಮಾಡಿದ್ದು 2019ರ ಕೊನೆಗೆ. ಅದರಲ್ಲಿ ವಿ3 ಕೇಳುವ ಎವಿಎಕ್ಸ್ ಇಲ್ಲ, ಎವಿಎಕ್ಸ್2 ಇಲ್ಲ, ಎಫ್‌ಎಂಎ ಇಲ್ಲ. ಹ್ಯಾಸ್‌ವೆಲ್‌ಗಿಂತ ಆರು ವರ್ಷ ಚಿಕ್ಕದು, ಆದರೂ ಹ್ಯಾಸ್‌ವೆಲ್‌ಗೆ ಗೊತ್ತಿರುವುದು ಇದಕ್ಕೆ ಗೊತ್ತಿಲ್ಲ. ಇದೊಂದೇ ಅಲ್ಲ. ಹ್ಯಾಸ್‌ವೆಲ್ ಕಾಲದ್ದೇ ಸೆಲೆರಾನ್‌ಗಳಲ್ಲಿ ಎವಿಎಕ್ಸ್ ಆಫ್ ಮಾಡಿ ಮಾರಿದ್ದರು. 2018ರ ಪೆಂಟಿಯಂ ಗೋಲ್ಡ್ ಜಿ5400, ಗೋಲ್ಡ್ ಅಂತ ಬೇರೆ ಹೆಸರು, ಅದರಲ್ಲೂ ಇಲ್ಲ. ಡಿಸೈನ್ ಅದೇ, ಕಡಿಮೆ ದುಡ್ಡು ಕೊಟ್ಟವರಿಗೆ ಬೀಗ ಹಾಕಿ ಕೊಟ್ಟರು. ಅಂದರೆ ಇಸವಿ ನೋಡಿ ಯಾವ ಇನ್‌ಸ್ಟ್ರಕ್ಷನ್ ಇದೆ ಅಂತ ಹೇಳಲು ಬರುವುದಿಲ್ಲ, ರೇಟು ನೋಡಿ ಹೇಳಬೇಕು. ದುಡ್ಡು ಕೊಟ್ಟರೂ ಗ್ಯಾರಂಟಿ ಇಲ್ಲ ಅನ್ನಿ. ಇಂಟೆಲ್‌ನ 11ನೇ ತಲೆಮಾರಿನ ಕೋರ್‌ಗಳಲ್ಲಿ ಎವಿಎಕ್ಸ್2ಕ್ಕಿಂತ ಮುಂದಿನ ಎವಿಎಕ್ಸ್-512 ಇತ್ತು. 12ನೆಯದಕ್ಕೆ ಬರುವ ಹೊತ್ತಿಗೆ ಚಿಕ್ಕ ಕೋರ್‌ಗಳಿಗೆ ಅದು ಬರುವುದಿಲ್ಲ ಅಂತ ದೊಡ್ಡ ಕೋರ್‌ಗಳಲ್ಲೂ ಮುಚ್ಚಿಬಿಟ್ಟರು. ಹೊಸದು ಕೊಂಡವರಿಗೇ ಕಡಿಮೆ!

ಕಂಪೈಲರ್‌ಗೆ ಇದೆಲ್ಲ ತಾನಾಗಿ ತಿಳಿಯುವುದಿಲ್ಲ. ಜಿಸಿಸಿ ಕಂಪೈಲರ್‌ನಲ್ಲಿ ಎರಡು ಬೇರೆ ಬೇರೆ ಫ್ಲ್ಯಾಗ್ ಇವೆ, ಎಂಟ್ಯೂನ್ ಮತ್ತು ಎಂಆರ್ಚ್. ಕೆಲಸಕ್ಕೆ ಸೇರಿದವರು ಮೊದಲ ವಾರ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಎಂಟ್ಯೂನ್ ಅಂದರೆ ಮನೆಯಲ್ಲಿ ಇರುವ ಪಾತ್ರೆಯಲ್ಲೇ ಯಾವುದನ್ನು ಮೊದಲು ಮಾಡಿದರೆ ಬೇಗ ಆಗುತ್ತದೆ ಅಂತ ಅಡುಗೆಯ ಕ್ರಮ ಬದಲಿಸುವುದು. ಎಂಆರ್ಚ್ ಅಂದರೆ ಮನೆಯಲ್ಲಿ ಗ್ರೈಂಡರ್ ಇದ್ದೇ ಇದೆ ಅಂದುಕೊಂಡು ಅಡುಗೆ ಬರೆಯುವುದು. ಮೊದಲನೆಯದು ತಪ್ಪಾದರೆ ಊಟ ತಡ. ಎರಡನೆಯದು ತಪ್ಪಾದರೆ ಊಟವೇ ಇಲ್ಲ. ವಿ3 ಅಂತ ಹಾಕುವುದು ಈ ಎರಡನೇ ಜಾತಿಯದು.

ಈ ವಿ2, ವಿ3 ಅನ್ನುವ ಮೆಟ್ಟಿಲುಗಳು ತೀರ ಈಚಿನವು. 2020ರಲ್ಲಿ ಪ್ರೊಸೆಸರ್ ಮಾಡುವ ಇಂಟೆಲ್, ಎಎಂಡಿ, ಲಿನಕ್ಸ್ ಮಾರುವ ರೆಡ್ ಹ್ಯಾಟ್, ಸೂಸೆ ಸೇರಿ ಗೊತ್ತು ಮಾಡಿದ್ದು. ಅದಕ್ಕೆ ಒಂದು ವರ್ಷ ಮೊದಲು ಫೆಡೋರಾ ಲಿನಕ್ಸ್‌ನಲ್ಲಿ ಎವಿಎಕ್ಸ್2 ಕಡ್ಡಾಯ ಮಾಡೋಣ ಅಂತ ಯಾರೋ ಪ್ರಸ್ತಾಪ ಇಟ್ಟಿದ್ದರು. ಜನ ತಿರುಗಿಬಿದ್ದರು, ಪ್ರಸ್ತಾಪ ಬಿದ್ದುಹೋಯಿತು. ಆಮೇಲೆ ಮೆಟ್ಟಿಲುಗಳು ಬಂದವು. ರೆಡ್ ಹ್ಯಾಟ್‌ನ ಲಿನಕ್ಸ್ ಆದ 2022ರ ಆರ್‌ಎಚ್‌ಇಎಲ್ 9ಕ್ಕೆ ವಿ2 ಬೇಕು, 2025ರ ಆರ್‌ಎಚ್‌ಇಎಲ್ 10ಕ್ಕೆ ವಿ3 ಬೇಕು. ಲೀಡ್ ಹಿಡಿದುಕೊಂಡಿದ್ದು ಈ ಕೊನೆಯದನ್ನು. "ರೆಡ್ ಹ್ಯಾಟೇ ಹೋದ್ಮೇಲೆ ನಮಗೇನು ಕಷ್ಟ?" ರೆಡ್ ಹ್ಯಾಟ್ ಮಾರುವುದು ಸರ್ವರ್ ರೂಮಿನವರಿಗೆ. ಅಲ್ಲಿ ಸೆಲೆರಾನ್ ಹುಡುಕಿದರೂ ಸಿಗುವುದಿಲ್ಲ. ಅವರ ಲೆಕ್ಕ ಅವರಿಗೆ ಸರಿ. ಅದೇ ಸೋರ್ಸ್ ತೆಗೆದುಕೊಳ್ಳುವ ಆಲ್ಮಾಲಿನಕ್ಸ್‌ನವರು ವಿ3ಯ ಜೊತೆಗೆ ವಿ2ಕ್ಕೂ ಬೇರೆಯಾಗಿ ಬಿಲ್ಡ್ ಮಾಡುತ್ತಿದ್ದಾರೆ. ಡೆಬಿಯನ್ ಲಿನಕ್ಸ್ ಇನ್ನೂ 2003ರ ಮೊದಲ 64 ಬಿಟ್ ಎಎಂಡಿಯ ಮಟ್ಟದಲ್ಲೇ ಇದೆ. ಯಾರ ಗಿರಾಕಿ ಯಾರು ಅನ್ನುವುದರ ಮೇಲೆ ಇದೆಲ್ಲ ನಿಂತಿದೆ, ಅಲ್ವಾ?

ಸರಿ, ವೇಗವಾದರೂ ಎಷ್ಟು ಸಿಗುತ್ತಿತ್ತು? ನಮ್ಮ ಟೀಮಿಗೆ ಹೊಸದಾಗಿ ಬಂದ ಹುಡುಗಿ ಒಂದು ಗ್ರಾಫ್ ಮಾಡಿ ತಂದಿದ್ದಳು. ಬಹಳ ಚುರುಕು, ಗ್ರಾಫೂ ಚೆನ್ನಾಗಿತ್ತು. ಕಂಪ್ರೆಸ್ ಮಾಡುವ ಲೈಬ್ರರಿಯಲ್ಲಿ ಮಾತ್ರ ಗೆರೆ ಎದ್ದು ಕಾಣುತ್ತಿತ್ತು. ಉಳಿದದ್ದೆಲ್ಲ ನೆಲಕ್ಕೆ ಅಂಟಿಕೊಂಡಿತ್ತು. ಉಬುಂಟು ಲಿನಕ್ಸ್ ತಂಡ 25.10 ಆವೃತ್ತಿಯಲ್ಲಿ ವಿ3 ಪ್ಯಾಕೇಜುಗಳನ್ನು ಕೊಟ್ಟಾಗ ತಾವೇ ಹೇಳಿಕೊಂಡದ್ದೂ ಅಷ್ಟೇ, ಹೆಚ್ಚಿನವುಗಳಲ್ಲಿ ಶೇಕಡ 1ರ ಆಸುಪಾಸು, ಲೆಕ್ಕಾಚಾರ ಜಾಸ್ತಿ ಇರುವಲ್ಲಿ ಅದಕ್ಕಿಂತ ಹೆಚ್ಚು. ನಿಜವಾಗಿ ವೇಗ ಬೇಕಾದ ಕಡೆ ಈ ಕೆಲಸವನ್ನು ಹಿಂದಿನವರು ಮಾಡಿಟ್ಟಿದ್ದಾರೆ. ಮೆಮೊರಿ ಕಾಪಿ ಮಾಡುವ ಫಂಕ್ಷನ್ನಿಗೆ ಗ್ಲಿಬ್‌ಸಿಯಲ್ಲಿ ಹಲವು ಆವೃತ್ತಿಗಳಿವೆ. ಪ್ರೋಗ್ರಾಮ್ ಶುರುವಾಗುವಾಗ ಸಿಪಿಯು ಯಾವುದು ಅಂತ ನೋಡಿ ಸರಿಯಾದುದನ್ನು ಆರಿಸಿಕೊಳ್ಳುತ್ತದೆ. ಗುಪ್ತಲಿಪಿಯ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಕೂಡ ಹಾಗೆಯೇ. ಹಳೆಯ ಮಟ್ಟಕ್ಕೆ ಕಂಪೈಲ್ ಮಾಡಿದ ಓಎಸ್ ಹೊಸ ಪ್ರೊಸೆಸರ್ ಸಿಕ್ಕರೆ ಅದರ ಶಕ್ತಿಯನ್ನು ಸುಮ್ನೆ ಬಿಟ್ಟುಬಿಡುವುದಿಲ್ಲ.

ಅದೂ ಅಲ್ಲದೆ ಇದು ಬಿಲ್ಲಿಂಗ್ ಪೆಟ್ಟಿಗೆ. ಬಾರ್‌ಕೋಡ್ ಬರುವ ತನಕ ಕಾಯುತ್ತದೆ, ಆಮೇಲೆ ಪ್ರಿಂಟರ್ ಕಾಗದ ಉಗುಳುವ ತನಕ ಕಾಯುತ್ತದೆ. ನಡುವೆ ಜಿಎಸ್‌ಟಿ ಕೂಡಿಸುತ್ತದೆ. ಎವಿಎಕ್ಸ್2 ಅಂದರೆ 256 ಬಿಟ್, ಒಂದೇ ಏಟಿಗೆ 32 ಬಿಟ್‌ನ ಎಂಟು ಸಂಖ್ಯೆ. ಒಂದು ಪ್ಯಾಕೆಟ್ ಬ್ರೆಡ್ಡು, ನೂರು ಗ್ರಾಂ ಖಾರಾ ಬಿಲ್ ಮಾಡಲು ಎಂಟೆಂಟು ಸಂಖ್ಯೆ ಯಾಕೆ?

ಹಾಗಂತ ಹಳೆಯದನ್ನು ಕೊನೆಯ ತನಕ ಹೊರಬೇಕು ಅನ್ನುವವರ ಗುಂಪಿಗೂ ನಾನು ಸೇರಿದವನಲ್ಲ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆಯಲು ಶುರು ಮಾಡಿದ್ದು ಇಂಟೆಲ್‌ನ 386 ಪ್ರೊಸೆಸರ್ ಮೇಲೆ. 2012ರಲ್ಲಿ ಆ 386ರ ಬೆಂಬಲವನ್ನೇ ಕರ್ನಲ್‌ನಿಂದ ಕಿತ್ತುಹಾಕಿದಾಗ, ತನಗೇನೂ ಭಾವುಕತೆ ಇಲ್ಲ ಅಂತ ಅವರೇ ಬರೆದು ಒಳಗೆ ಸೇರಿಸಿಕೊಂಡರು. ಅದು ಸರಿ. 386 ಇಟ್ಟುಕೊಂಡವರು ಯಾರು, ಅವರಿಗೋಸ್ಕರ ಎಷ್ಟು ಕೋಡ್ ಹೊರಬೇಕು, ಎರಡೂ ಅವರಿಗೆ ಗೊತ್ತಿತ್ತು. ನಮ್ಮಲ್ಲಿ ನಡೆದದ್ದು ಬೇರೆ. ಯಾರ ಹತ್ರ ಇರುತ್ತೆ ಅಂತ ಕೇಳಿದ್ದು ಉತ್ತರ ಬೇಕು ಅಂತ ಅಲ್ಲ. ಉತ್ತರ ಬರುವುದಿಲ್ಲ ಅನ್ನುವ ಧೈರ್ಯದಲ್ಲಿ ಕೇಳಿದ್ದು. ಮೀಟಿಂಗುಗಳಲ್ಲಿ ಇಂಥ ಪ್ರಶ್ನೆಗಳೇ ಜಾಸ್ತಿ. ಕೇಳಿದವರ ಸುತ್ತ ಅವರಂಥವರೇ ಕೂತಿರುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ, ಮುಗಿಯಿತು. ಆವತ್ತು ಅಕಸ್ಮಾತ್ತಾಗಿ ಉತ್ತರ ಗೊತ್ತಿದ್ದವನೊಬ್ಬ ಲೈನಿನಲ್ಲಿದ್ದ.

ಬರೀ ಕಂಪೈಲರ್ ಮಾತಲ್ಲ ಇದು. ನಮ್ಮ ಅಮ್ಮನ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಈಗ ಅಪ್‌ಡೇಟ್ ಆಗುವುದಿಲ್ಲ. ಫೋನು ಕೆಟ್ಟಿಲ್ಲ, ಸ್ಕ್ರೀನಿನ ಮೇಲೆ ಒಂದು ಗೀರೂ ಇಲ್ಲ. ಎಲ್ಲೋ ಒಂದು ಫೈಲಿನಲ್ಲಿ ಕನಿಷ್ಠ ಆಂಡ್ರಾಯ್ಡ್ ಆವೃತ್ತಿಯ ಸಾಲು ಯಾರೋ ಬದಲಿಸಿದ್ದಾರೆ. ಭದ್ರತೆಗೋಸ್ಕರ ಬದಲಿಸಿರಬಹುದು, ಕಾರಣ ಸರಿಯಾಗಿಯೇ ಇರಬಹುದು. ಅಮ್ಮ ಮಾತ್ರ ಪಾಸ್‌ಬುಕ್ ಎಂಟ್ರಿಗೆ ಮತ್ತೆ ಕ್ಯೂ ನಿಲ್ಲುತ್ತಿದ್ದಾರೆ. ಆ ಸಾಲು ಬದಲಿಸಿದವರ ಕಾಲ್‌ನಲ್ಲಿ ಅಮ್ಮ ಇರಲಿಲ್ಲ.

ಮತ್ತೆ ನಮ್ಮ ಕಥೆಗೆ. ಮೌನ ಮುರಿದದ್ದು ಆ ಹೊಸ ಹುಡುಗಿ. "ಅಣ್ಣಾ, ಯಾವ ಅಂಗಡೀಲಿ ಯಾವ ಪ್ರೊಸೆಸರ್ ಇದೆ ಅಂತ ಲಿಸ್ಟ್ ಏನಾದ್ರೂ ಸಿಗುತ್ತಾ?" ಅಂತ ಕೇಳಿದಳು. ಹುಬ್ಬಳ್ಳಿ ಹುಡುಗ, "ಐತ್ರಿ ಮೇಡಂ, ಈಗ ಕಳಸ್ಲೇನ್ರಿ?" ಅಂದ. ಕಾಲ್ ಮುಗಿಯುವ ಮೊದಲೇ ಎಕ್ಸೆಲ್ ಬಂತು. ಊರು, ಅಂಗಡಿ, ಸೀರಿಯಲ್ ನಂಬರ್, ಪ್ರೊಸೆಸರ್, ಮಾರಿದ ತಿಂಗಳು. ಹಳೆಯ ಸೆಲೆರಾನ್ ಜೆ1900 ಇನ್ನೂ ಬೇಕಾದಷ್ಟಿವೆ, ಜೆ4125 ಅದಕ್ಕಿಂತ ಜಾಸ್ತಿ. ವಿ3 ಇರುವ ಇಂಟೆಲ್‌ನ ಎನ್100 ಅಲ್ಲೊಂದು ಇಲ್ಲೊಂದು. ಇದನ್ನು ಯಾವಾಗ ಮಾಡಿದ್ದು ಅಂತ ಲೀಡ್ ಕೇಳಿದರು. ಮೊದಲಿಂದ ಬರಕೋತ ಬಂದೀನ್ರಿ, ಯಾರೂ ಕೇಳಿರಲಿಲ್ರಿ ಅಂದ.

ಲೀಡ್ ಅದಕ್ಕೆ ಸಿಟ್ಟಾಗಲಿಲ್ಲ, ಅದು ಅವರ ದೊಡ್ಡ ಗುಣ. ಆ ಸಂಜೆಯೇ ಸಾಲನ್ನು ವಾಪಸ್ ಕೋರ್‌ಐ7-64 ಮಾಡಿದರು. ಕಂಪ್ರೆಷನ್ ಲೈಬ್ರರಿಯೊಂದನ್ನು ಮಾತ್ರ ವಿ3ಗೂ ಬಿಲ್ಡ್ ಮಾಡಿ, ಪ್ರೊಸೆಸರ್ ಮಟ್ಟಕ್ಕೆ ತಕ್ಕ ಲೈಬ್ರರಿ ಇಡುವ ಗ್ಲಿಬ್‌ಸಿಯ ಎಚ್‌ಡಬ್ಲ್ಯೂಕ್ಯಾಪ್ಸ್ ಫೋಲ್ಡರಿನಲ್ಲಿ ಇಡುವುದು ಅಂತ ತೀರ್ಮಾನವಾಯಿತು. ಓಪನ್‌ಸೂಸೆ ಟಂಬಲ್‌ವೀಡ್ ಲಿನಕ್ಸ್‌ನವರು ಮಾಡುವುದೂ ಹೀಗೆಯೇ. ಎನ್100 ಸಿಕ್ಕರೆ ಲೋಡರ್ ತಾನೇ ಅದನ್ನು ಎತ್ತಿಕೊಳ್ಳುತ್ತದೆ, ಸೆಲೆರಾನ್ ಸಿಕ್ಕರೆ ಹಳೆಯದನ್ನು. ಎರಡು ಕಡೆ ಟೆಸ್ಟ್ ಮಾಡಬೇಕು ಅನ್ನುವ ತಲೆನೋವು ನನ್ನ ಪಾಲಿಗೆ ಬಂತು, ಅದಿರಲಿ.

ಇನ್ನು ಮುಂದೆ ಎನ್100 ಪೆಟ್ಟಿಗೆ ಮಾತ್ರ ಕೊಳ್ಳಿ ಅಂತ ಲೀಡ್ ಬುಧವಾರ ಪರ್ಚೇಸ್‌ನವರಿಗೆ ಮೇಲ್ ಹಾಕಿದ್ದಾರೆ, ಎವಿಎಕ್ಸ್2 ಅಂದರೇನು ಅಂತ ಎರಡು ಪ್ಯಾರಾ ವಿವರಿಸಿ. ಶುಕ್ರವಾರ ಉತ್ತರ ಬಂತು. ಜೆ4125ಗೆ ಸಪ್ಲೈಯರ್ ಇನ್ನಷ್ಟು ಡಿಸ್ಕೌಂಟ್ ಕೊಟ್ಟಿದ್ದಾನಂತೆ, ಮುಂದಿನ ಲಾಟಿನ ಆರ್ಡರ್ ಆಗಲೇ ಹೋಗಿದೆಯಂತೆ.