‘ಸೂಜಿ ಬ್ಯಾಡ’ ಅಂದರೆ ಯಾವ ಸೂಜಿ, ಎಲ್ಲಿಯ ತನಕ?

ಹುಬ್ಬಳ್ಳಿಯ ಸಂದುಬ್ಯಾನಿ ಒಪಿಡಿಯಲ್ಲಿ ಲಸಿಕೆಯ ಮಾತು ತೆಗೆದರೆ ಮೊದಲು ಬರುವ ಉತ್ತರ, ‘ನಮಗ ಸೂಜಿ ಬ್ಯಾಡ ಅಂದಾರ್ರೀ.’ ರೋಣ, ನರಗುಂದ, ಸವಣೂರು, ರಾಣೆಬೆನ್ನೂರು ಎಲ್ಲಿಂದ ಬಂದವರಾದರೂ ಇದೇ ಮಾತು. ರುಮಟಾಯ್ಡ್ ಆರ್ಥ್ರೈಟಿಸ್ ಇರಲಿ, ಲೂಪಸ್ ಇರಲಿ, ಸೋರಿಯಾಸಿಸ್ ಇರಲಿ. ಎಲ್ಲವೂ ಮೈಯ ರೋಗನಿರೋಧ ದಾರಿ ತಪ್ಪಿ ಬರುವ, ಅದನ್ನು ತಗ್ಗಿಸುವ ಔಷಧ ಕೊಡುವ ರೋಗಗಳು. ಕೆದಕಿ ಕೇಳಿದರೆ, ಆ ‘ಬ್ಯಾಡ’ವನ್ನು ಎಂದೋ ಒಮ್ಮೆ, ಯಾವುದೋ ಒಂದು ಲಸಿಕೆಗೆ, ಯಾವುದೋ ಔಷಧ ನಡೆದಿದ್ದಾಗ ಹೇಳಿರುತ್ತಾರೆ. ಔಷಧ ಬದಲಾಗಿ ವರ್ಷಗಳೇ ಆಗಿರುತ್ತವೆ, ‘ಬ್ಯಾಡ’ ಮಾತ್ರ ಫೈಲಿನೊಳಗಿನ ಹಳೆ ಚೀಟಿಯ ಹಾಗೆ ಉಳಿದಿರುತ್ತದೆ.

ತಪ್ಪು ಅವರದಲ್ಲ. ನಾವು ಹೇಳುವ ‘ಬೇಡ’ಕ್ಕೇ ಎರಡು ಅರ್ಥ. ಒಂದು, ‘ಬೇಡ, ಅಪಾಯ.’ ಇನ್ನೊಂದು, ‘ಈಗ ಬೇಡ, ಹತ್ತೂದಿಲ್ಲ.’ ಮೊದಲನೆಯದು ಜೀವಂತ ಲಸಿಕೆಗೆ (ಬಲಗುಂದಿಸಿದ, ಆದರೆ ಬದುಕಿರುವ ರೋಗಾಣು ಇರುವ ಲಸಿಕೆಗೆ) ಸೇರಿದ್ದು. ಎರಡನೆಯದು ಬರೀ ದಿನ ನೋಡಿ ಹಾಕುವ ಮಾತು. ಕೇಳುವವರ ಕಿವಿಗೆ ಎರಡೂ ಒಂದೇ. ಅದಕ್ಕೆ ‘ಬೇಡ’ ಎಂದು ಬರೆಯುವಾಗ ಪಕ್ಕದಲ್ಲಿ ಲಸಿಕೆಯ ಹೆಸರು ಮತ್ತು ಎಲ್ಲಿಯ ತನಕ ಎಂಬ ತಾರೀಖು ಎರಡನ್ನೂ ಬರೆಯಬೇಕು. ತಾರೀಖು ಇಲ್ಲದ ‘ಬೇಡ’ ಆ ರೋಗಿಯ ಜೊತೆ ಹತ್ತು ವರ್ಷ ಓಡಾಡುತ್ತದೆ.

‘ಲಸಿಕೆ’ ಎಂಬುದು ಪೇಪರಿನ ಶಬ್ದ. ಹಳಬರು ‘ದೇವಿ ಹಾಕಿಸೋದು’ ಅನ್ನುತ್ತಿದ್ದರು, ಈಗ ಎಲ್ಲವೂ ‘ಸೂಜಿ’. ಮೊಣಕಾಲಿಗೆ ಹಾಕಿದ ಸ್ಟೀರಾಯ್ಡೂ ಸೂಜಿ, ನೋವಿನ ಇಂಜೆಕ್ಷನ್ನೂ ಸೂಜಿ, ಎರಡು ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಳ್ಳುವ ಸಂದುಬ್ಯಾನಿಯ ಔಷಧ ಅಡಾಲಿಮುಮ್ಯಾಬೂ ಸೂಜಿ. ‘ಕಳೆದ ಸಲ ಸೂಜಿ ಮಾಡಿಸಿಕೊಂಡೆ, ಸಂದು ಬಾತವು’ ಎಂದರೆ ಅದು ಲಸಿಕೆಯೇ ಎಂದು ನಂಬಿ ಬರೆದುಕೊಳ್ಳಬಾರದು. ಎಲ್ಲಿ ಚುಚ್ಚಿದರು, ತೋಳಿಗೋ ಹೊಟ್ಟೆಗೋ ಕುಂಡಿಗೋ, ಮತ್ತೆ ಎಷ್ಟು ದಿನಕ್ಕೆ ಬರಹೇಳಿದರು, ಚೀಟಿ ಕೊಟ್ಟರೋ. ಈ ಮೂರು ಪ್ರಶ್ನೆಗೆ ಸಾಮಾನ್ಯವಾಗಿ ಗುಟ್ಟು ಬಯಲಾಗುತ್ತದೆ.

ಒಂದು ಮಜಾ ನೋಡಿ. ಫ್ಲೂ ಲಸಿಕೆಗೆ ಹೆದರುವವರೇ ಕುಡಗೋಲು ತಾಗಿದರೆ, ಮೊಳೆ ಚುಚ್ಚಿದರೆ ಅರ್ಧ ತಾಸಿನಲ್ಲಿ ಟಿಟಿ ಮಾಡಿಸಿಕೊಂಡಿರುತ್ತಾರೆ. ಟಿಟಿಯೂ (ಈಗ ಸರಕಾರಿ ದವಾಖಾನೆಯಲ್ಲಿ ಟಿಡಿ) ಲಸಿಕೆಯೇ, ಅದರಲ್ಲೂ ಜೀವಂತ ರೋಗಾಣು ಇಲ್ಲ. ‘ಟಿಟಿ ತಗೊಂಡಾಗ ಬ್ಯಾನಿ ಹೆಚ್ಚಾಗಿತ್ತೇನ್ರೀ ಅಕ್ಕಾರ?’ ಎಂದು ಕೇಳಿದರೆ ಮಾತು ಮುಂದುವರಿಯುತ್ತದೆ. ಇಲ್ಲಿ ಒಂದು ಎಚ್ಚರ: ಕಳೆದ 6 ತಿಂಗಳಲ್ಲಿ ರಿಟುಕ್ಸಿಮ್ಯಾಬ್ (ಪ್ರತಿಕಾಯ ಹುಟ್ಟುವುದನ್ನು ತಗ್ಗಿಸುವ ಡ್ರಿಪ್) ಆಗಿದ್ದು ಗಾಯ ಮಣ್ಣು-ಸಗಣಿಯದಾಗಿದ್ದರೆ ಟಿಡಿ ಒಂದನ್ನೇ ನಂಬಬಾರದು, ಟೆಟನಸ್ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಸೂಜಿ) ಕೂಡ ಬೇಕಾಗಬಹುದು.

ಇನ್ನೊಂದು ಪ್ರಶ್ನೆ ಬರುತ್ತದೆ, ಬಹಳ ತರ್ಕದ್ದು: ‘ಶಕ್ತಿ ಹೆಚ್ಚಾಗೇ ಈ ರೋಗ ಬಂದೈತಿ ಅಂತೀರಿ. ಮತ್ತ ಶಕ್ತಿ ಹೆಚ್ಚು ಮಾಡೋ ಸೂಜಿ ಯಾಕ ಕೊಡ್ತೀರಿ?’ ಈ ಗೊಂದಲ ಹುಟ್ಟಿಸಿದ್ದು ‘ರೋಗನಿರೋಧಕ ಶಕ್ತಿ’ ಎಂಬ ನಮ್ಮದೇ ಪದ. ನನ್ನ ಅಭಿಪ್ರಾಯದಲ್ಲಿ ಆಪ್ತಸಲಹೆಯ ಕೋಣೆಯಲ್ಲಿ ‘ಶಕ್ತಿ’ ಶಬ್ದವನ್ನೇ ಬಿಟ್ಟುಬಿಡುವುದು ಒಳ್ಳೆಯದು. ಆಟೊಇಮ್ಯೂನ್ ಎಂದರೆ ಗುರುತು ತಪ್ಪುವುದು: ಮೈ ತನ್ನದೇ ಸಂದನ್ನು, ತೊಗಲನ್ನು ಬೇರೆಯವರದೆಂದು ತಿಳಿಯುವುದು. ಲಸಿಕೆ ಒಂದು ನಿರ್ದಿಷ್ಟ ರೋಗಾಣುವಿನ ಗುರುತು ಹೇಳಿಕೊಡುತ್ತದೆ, ಅಷ್ಟೇ. ನಾವು ಕೊಡುವ ಗುಳಿಗೆಗಳು ಆ ಕಲಿಕೆಯನ್ನೂ ಸ್ವಲ್ಪ ಮಂಕು ಮಾಡುವುದರಿಂದ ದಿನ ಎಣಿಸಬೇಕಾಗುತ್ತದೆ.

ಜೀವಂತ ಲಸಿಕೆಗಳ ಹೆಸರು ಬಾಯಿಪಾಠ ಇರಬೇಕು: ಕ್ಷಯದ ಬಿಸಿಜಿ, ಬಾಯಿಗೆ ಹಾಕುವ ಪೋಲಿಯೊ ಹನಿ, ರೋಟಾವೈರಸ್, ದಡಾರ-ರುಬೆಲ್ಲಾದ ಎಂಆರ್ ಮತ್ತು ಎಂಎಂಆರ್, ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ವ್ಯಾರಿಸೆಲ್ಲಾ, ಹಳದಿ ಜ್ವರ, ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ. ಮೆಥೊಟ್ರೆಕ್ಸೇಟ್ (ವಾರಕ್ಕೊಮ್ಮೆಯ ಗುಳಿಗೆ), ಬಯೊಲಾಜಿಕ್ (ಅಡಾಲಿಮುಮ್ಯಾಬ್, ರಿಟುಕ್ಸಿಮ್ಯಾಬ್‌ನಂಥವು), ಟೊಫಾಸಿಟಿನಿಬ್ ಗುಳಿಗೆ ನಡೆದಿರುವಾಗ ಇವು ತಜ್ಞರ ಒಪ್ಪಿಗೆ ಇಲ್ಲದೆ ಬೇಡ. ಅಂದರೆ ‘ಅಪಾಯ’ದ ಬೇಡ. ಒಂದೇ ರೋಗಕ್ಕೆ ಎರಡು ಜಾತಿಯ ಲಸಿಕೆ ಇರುವುದೂ ಉಂಟು. ಜಪಾನೀಸ್ ಎನ್ಸೆಫಲೈಟಿಸ್‌ಗೆ ಒಂದು ಜೀವಂತ, ಇನ್ನೊಂದು ನಿಷ್ಕ್ರಿಯ. ಮಕ್ಕಳ ಸಂಧಿವಾತವಿರುವ ಹುಡುಗನಿಗೆ ಶಾಲೆಯಲ್ಲಿ ಅಭಿಯಾನ ಬಂದರೆ ರೋಗದ ಹೆಸರಲ್ಲ, ಬಾಟಲಿಯ ಮೇಲಿನ ಹೆಸರು ಕೇಳಬೇಕು. 2024ರಲ್ಲಿ ದೇಶದ ಆಯ್ದ ಜಿಲ್ಲೆಗಳಲ್ಲಿ 60 ದಾಟಿದವರಿಗೂ ಬಿಸಿಜಿ ಕೊಟ್ಟದ್ದುಂಟು. ಅಂಥ ವಯಸ್ಸಿನವರೇ ನಮ್ಮ ಒಪಿಡಿಯಲ್ಲಿ ಹೆಚ್ಚು. ಮನೆಗೆ ಬಂದ ಆಶಾ ಕಾರ್ಯಕರ್ತೆಗೆ ‘ನಾನು ವಾರದ ಗುಳಿಗೆಯಲ್ಲಿದ್ದೇನೆ’ ಎಂದು ಹೇಳಲು ರೋಗಿಗೆ ಕಲಿಸಿರಬೇಕು.

ಉಳಿದವು, ಅಂದರೆ ತೋಳಿಗೆ ಹಾಕುವ ಫ್ಲೂ, ನ್ಯುಮೋನಿಯಾದ ನ್ಯುಮೊಕಾಕಲ್, ಹೆಪಟೈಟಿಸ್ ಬಿ, ಟೈಫಾಯ್ಡ್ ಕಾಂಜುಗೇಟ್, ರೇಬಿಸ್, ಎಚ್‌ಪಿವಿ, ಸರ್ಪಸುತ್ತಿನ ಹೊಸ ರಿಕಾಂಬಿನೆಂಟ್ ಲಸಿಕೆ, ಇವ್ಯಾವುದರಲ್ಲೂ ಬದುಕಿರುವ ರೋಗಾಣು ಇಲ್ಲ. ಇವುಗಳಲ್ಲಿ ಕೇಳಬೇಕಾದ್ದು ‘ಹತ್ತುತ್ತದೋ ಇಲ್ಲವೋ’ ಮಾತ್ರ.

ಫ್ಲೂ ವರ್ಷಕ್ಕೊಂದು. ನಮ್ಮ ಕಡೆ ಮಿರಗದ ಮಳೆ ಶುರುವಾಗುವ ಮೊದಲು, ಏಪ್ರಿಲ್-ಮೇ ಒಳಗೆ ಹಾಕಿಸಿದರೆ ಮಳೆಗಾಲದ ಏರಿಕೆಗೆ ಮೈ ತಯಾರಾಗಿರುತ್ತದೆ. ಹತ್ತಲು ಸುಮಾರು ಎರಡು ವಾರ ಬೇಕು. ರೋಗ ಹತೋಟಿಯಲ್ಲಿದ್ದರೆ ಫ್ಲೂ ಲಸಿಕೆಯ ನಂತರ ಮೆಥೊಟ್ರೆಕ್ಸೇಟನ್ನು 2 ವಾರ ತಡೆಯಿರಿ ಎಂದು ಅಮೆರಿಕದ ರುಮಟಾಲಜಿ ಕಾಲೇಜಿನ 2022ರ ಮಾರ್ಗಸೂಚಿ ಹೇಳುತ್ತದೆ. ಬೇರೆ ನಿಷ್ಕ್ರಿಯ ಲಸಿಕೆಗಳಿಗೆ ತಡೆಯಬೇಕಿಲ್ಲ. ‘ಎರಡು ವಾರ ಬಿಡಿ’ ಎಂದಷ್ಟೇ ಬಾಯಲ್ಲಿ ಹೇಳಿದರೆ ಕೆಲಸ ಕೆಡುತ್ತದೆ. ಕೆಲವರು ಫೋಲಿಕ್ ಆಸಿಡ್, ಎಚ್‌ಸಿಕ್ಯೂ (ಹೈಡ್ರಾಕ್ಸಿಕ್ಲೋರೊಕ್ವಿನ್) ಎಲ್ಲವನ್ನೂ ಬಿಡುತ್ತಾರೆ, ಕೆಲವರು ಮತ್ತೆ ಶುರು ಮಾಡುವುದನ್ನೇ ಮರೆಯುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು ಸ್ಟೀರಾಯ್ಡ್ ಗುಳಿಗೆ ಪ್ರೆಡ್ನಿಸೊಲೋನ್ ಒಮ್ಮೆಲೇ ಬಿಡುವುದು. ಬಿ.ಪಿ. ಕುಸಿದು ವಾಂತಿ-ಸುಸ್ತಿನಲ್ಲಿ ಎಮರ್ಜೆನ್ಸಿಗೆ ಬರುವಂತಾಗುತ್ತದೆ. ಹಾಗಾಗಿ ಕ್ಯಾಲೆಂಡರಿನ ಮೇಲೆ ಗೀಟು ಹಾಕಿಕೊಡಬೇಕು. ಭಾನುವಾರ ಗುಳಿಗೆ ನುಂಗುವವರು ಶನಿವಾರ ಲಸಿಕೆ ಹಾಕಿಸಿಕೊಂಡರೆ ಮರುದಿನದ ಭಾನುವಾರ ಇಲ್ಲ, ಅದರ ಮುಂದಿನ ಭಾನುವಾರ ಇಲ್ಲ, ಮೂರನೆಯ ಭಾನುವಾರ ಮೊದಲಿನಷ್ಟೇ. ತಪ್ಪಿದ ಡೋಸನ್ನು ಕೂಡಿಸಿ ನುಂಗುವಂತಿಲ್ಲ. ಸಂದು ಬಾತಿರುವವರಿಗೆ ಈ ಬಿಡುವು ಬೇಡವೇ ಬೇಡ, ಗುಳಿಗೆ ನಡೆದಿರುವಾಗಲೇ ಲಸಿಕೆ ಹಾಕಿ ಮುಗಿಸಬೇಕು.

ಪ್ರೆಡ್ನಿಸೊಲೋನ್ ದಿನಕ್ಕೆ 20 ಮಿ.ಗ್ರಾಂ ಅಥವಾ ಮೇಲಿದ್ದರೆ ಫ್ಲೂ ಕೊಡಬಹುದು, ಬೇರೆ ಲಸಿಕೆಗಳನ್ನು ಪ್ರಮಾಣ 20ಕ್ಕಿಂತ ಕೆಳಗಿಳಿಯುವ ತನಕ ತಡೆಯುವುದು ಮೇಲು. ಪ್ರಮಾಣ ಕೇಳುವಾಗ ಗುಳಿಗೆಯ ಪಟ್ಟಿ ಸಾಲದು. ‘ನಾಟಿ ಔಷಧದ ಪುಡಿ ಏನರ ತಗೋತೀರೇನು?’ ಎಂದೂ ಕೇಳಬೇಕು. ಎರಡೇ ದಿನದಲ್ಲಿ ನೋವು ಮಾಯ ಮಾಡುವ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಂಶಯ ಇಟ್ಟುಕೊಂಡೇ ಲೆಕ್ಕ ಹಾಕಬೇಕು.

ಹೆಚ್ಚು ಹಣ ವ್ಯರ್ಥವಾಗುವುದು ರಿಟುಕ್ಸಿಮ್ಯಾಬ್‌ನಲ್ಲಿ. ರೋಗಿ ಡ್ರಿಪ್ಪಿಗೆ ಮಲಗಿದ ದಿನವೇ ಯಾರಿಗೋ ನ್ಯುಮೊಕಾಕಲ್ ನೆನಪಾಗುತ್ತದೆ. ಪ್ರತಿಕಾಯ ಹುಟ್ಟಿಸುವ ಬಿ ಕೋಶಗಳನ್ನೇ ಈ ಔಷಧ ಖಾಲಿ ಮಾಡುವುದರಿಂದ ಲಸಿಕೆ ಅಪಾಯ ಮಾಡುವುದಿಲ್ಲ, ಕೆಲಸವನ್ನೂ ಮಾಡುವುದಿಲ್ಲ. ಮೊದಲ ಡ್ರಿಪ್ಪಿಗೆ 4 ವಾರ ಮುಂಚೆಯೇ ಲಸಿಕೆ ಮುಗಿದರೆ ಚಲೋ. ಆಗಲೇ ಶುರುವಾಗಿದ್ದರೆ ಮುಂದಿನ ಡ್ರಿಪ್ಪಿನ ಹೊತ್ತಿಗೆ ಲಸಿಕೆ ಹಾಕಿ, ಡ್ರಿಪ್ಪನ್ನು ಕನಿಷ್ಠ 2 ವಾರ ಮುಂದೂಡಬೇಕು. ಫ್ಲೂಗೆ ಮಾತ್ರ ಕಾಯುವುದು ಬೇಡ, ಋತು ಬಂದಾಗ ಹಾಕಿಬಿಡುವುದು. ಹೆಪಟೈಟಿಸ್ ಬಿ ರಕ್ತಪರೀಕ್ಷೆ ಈ ಔಷಧಕ್ಕೆ ಮೊದಲೇ ಆಗಿರಬೇಕು, ಮಲಗಿದ್ದ ವೈರಸ್ ಏಳುವ ಭಯವಿದೆ. ನ್ಯುಮೊಕಾಕಲ್‌ನಲ್ಲಿ 13 ತಳಿಯ ರೋಗಾಣುವಿನ ಕಾಂಜುಗೇಟ್ ಹಾಕಿದ್ದರೆ 8 ವಾರ ಬಿಟ್ಟು 23 ತಳಿಯದು. ತಿರುವುಮುರುವು ಮಾಡಬಾರದು.

ಟೊಫಾಸಿಟಿನಿಬ್ ಶುರು ಮಾಡುವವರಿಗೆ ಸರ್ಪಸುತ್ತಿನ ಮಾತು ಅಂದೇ ಹೇಳಬೇಕು, ಆ ಗುಳಿಗೆಯಲ್ಲಿ ಅದು ಏಳುವುದು ಹೆಚ್ಚು. ಲಸಿಕೆ ಎರಡು ಡೋಸ್, ದುಬಾರಿ. ಆಗದವರಿಗೆ ಕನಿಷ್ಠ ಇಷ್ಟು ಗೊತ್ತಿರಲಿ: ಒಂದೇ ಮಗ್ಗುಲಿಗೆ ಉರಿ, ಗುಳ್ಳೆ ಬಂದರೆ ಕಾವಿ ಹಚ್ಚಿಸುತ್ತ ಕೂಡದೆ 72 ತಾಸಿನೊಳಗೆ ವೈರಸ್ ತಡೆಯುವ ಗುಳಿಗೆ ಶುರುವಾಗಬೇಕು.

ನಾಯಿ ಕಡಿತದಲ್ಲಿ ಯಾವ ‘ಬೇಡ’ವೂ ನಡೆಯುವುದಿಲ್ಲ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಹತ್ತಿರದ ದವಾಖಾನೆಗೆ ಹೋಗಬೇಕು, ನಮಗೆ ಫೋನ್ ಮಾಡಿ ಕಾಯಬಾರದು. ಸರಕಾರಿ ಆಸ್ಪತ್ರೆಗಳಲ್ಲಿ ರೇಬಿಸ್ ಲಸಿಕೆಯನ್ನು ಸಾಮಾನ್ಯವಾಗಿ ತೊಗಲಿನ ಪದರಕ್ಕೆ ಕೊಡುತ್ತಾರೆ. ರೋಗನಿರೋಧ ತಗ್ಗಿಸುವ ಔಷಧದವರಿಗೆ ಅದು ಸಾಲದು. ಸ್ನಾಯುವಿಗೆ 0, 3, 7, 14, 28ನೇ ದಿನ, ಐದು ಡೋಸ್. ರಕ್ತ ಬಾರದ ಪರಚಿದ ಗಾಯಕ್ಕೂ ಇಮ್ಯುನೊಗ್ಲಾಬ್ಯುಲಿನ್. ಕ್ಲೋರೊಕ್ವಿನ್ ನುಂಗುವವರಲ್ಲಿ ತೊಗಲಿಗೆ ಕೊಟ್ಟ ರೇಬಿಸ್ ಲಸಿಕೆ ಕಡಿಮೆ ಹತ್ತುತ್ತದೆ, ಎಚ್‌ಸಿಕ್ಯೂ ಅದೇ ಕುಲದ್ದು. ‘ಅದು ಬರೀ ಮಲೇರಿಯಾ ಗುಳಿಗಿ’ ಎಂದು ಹೇಳದೆ ಬಿಡುವವರೇ ಜಾಸ್ತಿ. ಚೀಟಿ ತೋರಿಸಲೇಬೇಕು.

ಲಸಿಕೆಯ ಮರುದಿನ ಮೈಕೈ ನೋವು, ಸಣ್ಣ ಜ್ವರ ಬಂದರೆ ಪ್ಯಾರಾಸಿಟಮಾಲ್ ಸಾಕು, ಎರಡು-ಮೂರು ದಿನದಲ್ಲಿ ಇಳಿಯುತ್ತದೆ. ಬೆಳಗಿನ ಬಿಗಿತ ಒಂದು ತಾಸು ದಾಟಿ ಸಂದು ಕಣ್ಣಿಗೆ ಕಾಣುವಷ್ಟು ಬಾತು ವಾರವಾದರೂ ಇಳಿಯದಿದ್ದರೆ ಅದು ರೋಗದ ಏರಿಕೆ, ತೋರಿಸಬೇಕು. ಮೂರು ದಿನ ದಾಟಿದ ಜ್ವರವನ್ನು ಲಸಿಕೆಯ ತಲೆಗೆ ಕಟ್ಟಬಾರದು. ಲೂಪಸ್ ಜೊತೆ ರಕ್ತ ತೆಳು ಮಾಡುವ ಗುಳಿಗೆ ಇರುವವರಿಗೆ ಸಣ್ಣ ಸೂಜಿ, ಮೇಲೆ ಎರಡು ನಿಮಿಷ ಒತ್ತಿ ಹಿಡಿಯುವುದು, ತಿಕ್ಕುವುದಲ್ಲ.

ಹುಬ್ಬಳ್ಳಿಯಲ್ಲಿ ಕೊಂಡು ಮುಂಡರಗಿಗೆ ಒಯ್ಯುವವರು ಬಾಟಲಿಯನ್ನು ಮಂಜುಗಡ್ಡೆಗೆ ತಾಗಿಸಿ ಇಡುತ್ತಾರೆ. 2ರಿಂದ 8 ಡಿಗ್ರಿ ಬೇಕು ನಿಜ, ಆದರೆ ಹೆಪ್ಪುಗಟ್ಟಿದರೆ ಹೆಪಟೈಟಿಸ್ ಬಿ, ನ್ಯುಮೊಕಾಕಲ್ ಕಾಂಜುಗೇಟ್, ಟಿಡಿ ಕೆಟ್ಟವೆಂದೇ ಲೆಕ್ಕ. ಐಸ್ ಪ್ಯಾಕ್ ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಬರುವಷ್ಟು ಕರಗಿರಬೇಕು, ನಡುವೆ ಪೇಪರಿನ ಮಡಿಕೆ ಇರಬೇಕು. ಇಲ್ಲಿಯೇ ಹಾಕಿಸಿಕೊಂಡು ಬಸ್ಸು ಹತ್ತುವುದು ಇದಕ್ಕಿಂತ ಸುಲಭ.

ಇನ್ನು ಬಸುರಿಯರು. ಗರ್ಭದ ಎರಡನೆಯ ಅರ್ಧದಲ್ಲಿ ಅಡಾಲಿಮುಮ್ಯಾಬ್, ಇನ್‌ಫ್ಲಿಕ್ಸಿಮ್ಯಾಬ್‌ನಂಥ ಸೂಜಿ ನಡೆದಿದ್ದರೆ ಔಷಧ ಕೂಸಿನ ರಕ್ತಕ್ಕೂ ಹೋಗಿರುತ್ತದೆ. ಅಂಥ ಕೂಸಿಗೆ ಮೊದಲ 6 ತಿಂಗಳು ಬಿಸಿಜಿ ಹಾಕಬಾರದು; ಹಾಕಿದ ನಂತರ ಕೂಸು ತೀರಿಕೊಂಡ ಪ್ರಕರಣ ವೈದ್ಯಕೀಯ ದಾಖಲೆಯಲ್ಲಿದೆ. ಚಿಕಿತ್ಸೆ ನಮ್ಮಲ್ಲಿ, ಹೆರಿಗೆ ತವರಿನ ತಾಲೂಕು ಆಸ್ಪತ್ರೆಯಲ್ಲಿ. ಅಲ್ಲಿ ಹುಟ್ಟಿದ ದಿನವೇ ಬಿಸಿಜಿ ಹಾಕುವುದು ರೂಢಿ, ಅವರಿಗೆ ತಾಯಿಯ ಸೂಜಿಯ ಸುದ್ದಿ ಗೊತ್ತಿರುವುದಿಲ್ಲ. ಕುಬಸಕ್ಕೆ (ಸೀಮಂತಕ್ಕೆ) ಮೊದಲೇ ತಾಯಿ ಕಾರ್ಡಿನ ಮೇಲ್ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಬರೆಯಬೇಕು: ಔಷಧದ ಹೆಸರು, ಕೊನೆಯ ಡೋಸಿನ ತಾರೀಖು, ‘ಬಿಸಿಜಿ, ಪೋಲಿಯೊ ಹನಿ 6 ತಿಂಗಳು ಬೇಡ, ಹೆಪಟೈಟಿಸ್ ಬಿ ಹುಟ್ಟಿದ ದಿನವೇ ಕೊಡಿ, ರೋಟಾವೈರಸ್ ಮಕ್ಕಳ ವೈದ್ಯರನ್ನು ಕೇಳಿ.’ ಆರು ತಿಂಗಳು ತುಂಬಿದ ಮೇಲೆ, ವರ್ಷದೊಳಗೆ, ಬಿಸಿಜಿ ಹಾಕಿಸಬಹುದು. ಆ ತಾರೀಖನ್ನೂ ಅಲ್ಲೇ ಬರೆಯಬೇಕು. ಬರೀ ಎಚ್‌ಸಿಕ್ಯೂ, ಸಲ್ಫಾಸಲಜೀನ್ ನುಂಗಿದ ತಾಯಿಯ ಕೂಸಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ, ಎಲ್ಲ ಲಸಿಕೆ ಹೊತ್ತಿಗೆ ಸರಿಯಾಗಿ. ಇದನ್ನೂ ಕಾರ್ಡಿನ ಮೇಲೆ ಬರೆದುಕೊಡಬೇಕು, ಇಲ್ಲದಿದ್ದರೆ ತವರಿನ ಅಜ್ಜಿ ಅಲ್ಲೊಂದು ಹೊಸ ‘ಬ್ಯಾಡ’ ಶುರು ಮಾಡಿರುತ್ತಾಳೆ.